ಜೈಪಾಲನ ಹೆಸರಿನ ಡಬ್ಬಿ

"ಗುಳಿಗಿ ನುಂಗಿಲ್ಲ ಅಂತ ಇನ್ನೊಂದು ಸಲ ಅಂದ್ರ ಸುಮ್ನಿರಲ್ಲ ನೋಡ್ರಿ ಅಕ್ಕಾ," ಎಂದು ಜೈಪಾಲ ತನ್ನ ಪ್ಲಾಸ್ಟಿಕ್ ಚೀಲವನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದ. ಮೂರು ತಿಂಗಳ ಖಾಲಿ ಗುಳಿಗೆ ಪಟ್ಟಿಗಳು ರಿಜಿಸ್ಟರಿನ ಮೇಲೆಲ್ಲ ಹರಡಿಕೊಂಡವು.

"ಖಾಲಿ ಪಟ್ಟಿ ತೋರ್ಸಿದ್ರ ನುಂಗಿದಂಗೇನು? ಕೋಳಿಗಿ ಹಾಕಿದ್ರೂ ಪಟ್ಟಿ ಖಾಲಿ ಆಗ್ತದ," ಎಂದೆ.

"ಕೋಳಿ ಉಚ್ಚಿ ಹೊಯ್ಯಲ್ಲ. ನಾ ಹೊಯ್ತೀನಿ, ಕುಂಕುಮದ ನೀರಿನಂಗ. ಬಂದು ನೋಡ್ತೀರೇನು?"

ಸಾಲಿನಲ್ಲಿ ಕುಳಿತಿದ್ದ ಇಬ್ಬರು ನಕ್ಕರು. ನಾನು ದನಿ ಏರಿಸಿದೆ. "ಬಾಯಿ ಬಿಗಿ ಹಿಡಿ. ಮೂರು ತಿಂಗಳದಾಗ ನಾಕು ಕಿಲೋ ಇಳ್ದೀದಿ. ಗುಳಿಗಿ ಹೊಟ್ಟ್ಯಾಗ ಹೋಗಿದ್ರ ಹಿಂಗ ಆಗ್ತಿತ್ತೇನು? ನಿನ್ನಂಥವರಿಂದೇ ನಮ್ಮ ಕೆಲಸ ಹಾಳಾಗ್ಲಾಕತ್ತದ."

"ನಿಮ್ಮ ಕೆಲಸ ಹಾಳಾತೇನ್ರಿ? ನನ್ನ ಎದಿ ಹಾಳಾಗ್ಯಾದ," ಎಂದವನು ಮುಂದೆ ಮಾತಾಡಲಾಗದೆ ಮೇಜಿನ ಅಂಚು ಹಿಡಿದು ಬಗ್ಗಿದ. ಒಣಕೆಮ್ಮು. ಕತ್ತಿನ ನರಗಳು ಹಗ್ಗದಂತೆ ಎದ್ದು ನಿಂತವು, ಬಾಯಿಂದ ಮಾತ್ರ ಏನೂ ಬರಲಿಲ್ಲ. ಬಾಗಿಲಾಚೆಯ ಮೆಟ್ಟಿಲ ಮೇಲೆ ಕುಳಿತಿದ್ದ ಅವನ ತಾಯಿ ಎಲ್ಲಮ್ಮ ಒಳಗೆ ಇಣುಕಿದಳು. ಸೆರಗು ಬಾಯಿಗೆ ಅಡ್ಡ ಇತ್ತು.

ನಮ್ಮದು ತಾಂಡೂರಿನಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಗಳ ಹಿಂದೆ, ಬಾಡಿಗೆಗೆ ಹಿಡಿದ ಎರಡು ಕೋಣೆಯ ಕೇಂದ್ರ. ಕಲ್ಲು ಕೊಯ್ಯುವ, ಉಜ್ಜುವ ಕೆಲಸದವರ ಎದೆಯಲ್ಲಿ ಇರುವುದು ಟಿ.ಬಿ.ಯೋ, ಕಲ್ಲಿನ ಧೂಳೋ ಎಂದು ಬೇರೆ ಮಾಡಿ ಗುರುತಿಸುವುದು ಹೇಗೆ ಎಂಬ ಸಂಶೋಧನೆ ಅಲ್ಲಿ ನಡೆಯುತ್ತಿತ್ತು. ಎರಡಕ್ಕೂ ಕೆಮ್ಮು, ಎರಡಕ್ಕೂ ದಮ್ಮು, ಎರಡರಲ್ಲೂ ಮನುಷ್ಯ ಸೊರಗುತ್ತಾನೆ. ಧೂಳು ತುಂಬಿದವನಿಗೆ ವರ್ಷಗಟ್ಟಲೆ ಟಿ.ಬಿ. ಗುಳಿಗೆ ತಿನ್ನಿಸಿದ್ದೂ ಉಂಟು. ಬಶೀರಾಬಾದ್, ಯಾಲಾಲ್ ಕಡೆಯ ಹಳ್ಳಿಗಳಲ್ಲಿ ಹೆಸರು ಬರೆದುಕೊಳ್ಳುವುದು, ಕಫದ ಡಬ್ಬಿ ತರುವುದು, ಗುಳಿಗೆ ಮುಟ್ಟಿಸುವುದು ನನ್ನ ಕೆಲಸ. ಜೈಪಾಲ ಬಶೀರಾಬಾದ್ ಕಡೆಯ ನಮ್ಮೂರಿನವನೇ. ಹದಿನಾರು ವರ್ಷದಿಂದ ಫರಸಿಯ ಅಂಚು ಉಜ್ಜುವ ಮಶೀನಿನ ಮೇಲೆ ನಿಂತವನು.

"ಮಹಾನಂದಾ, ಜರಾ ಒಳಗ ಬರ್ರಿ," ಎಂದು ಡಾಕ್ಟರ್ ಶೃತಿ ಕರೆದರು. ಅವರು ನಾರಾಯಣಖೇಡದವರು. ಹೈದರಾಬಾದಿನಿಂದ ಪ್ರತಿ ಮಂಗಳವಾರ ಬರುತ್ತಿದ್ದರು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಒಳಗೆ ಹೋದಾಗ ಅವರು ಜೈಪಾಲನ ಎರಡು ಎಕ್ಸ್‌ರೇಗಳನ್ನು ಬೆಳಕಿನ ಪೆಟ್ಟಿಗೆಗೆ ಅಕ್ಕಪಕ್ಕ ಸಿಕ್ಕಿಸಿ ನೋಡುತ್ತಿದ್ದರು.

"ಉಚ್ಚಿ ಕೆಂಪಗ ಆಗ್ತದ ಅಂದ್ರ ಅವ ಗುಳಿಗಿ ನುಂಗ್ಲಾಕತ್ತಾನ. ಬೈಬ್ಯಾಡ್ರಿ ಅವನಿಗೆ," ಎಂದರು. "ಇಲ್ಲಿ ನೋಡ್ರಿ. ಗಸಗಸಿ ಚೆಲ್ಲಿದಂಗ ಕಾಣ್ತದಲ್ಲ, ಎರಡೂ ಕಡಿ, ಮ್ಯಾಲಿನ ಭಾಗದಾಗ? ಇದು ಕಲ್ಲಿನ ಧೂಳು. ಟಿ.ಬಿ. ಗುರುತು ನನಗ ಒಂದೂ ಸಿಗವಲ್ದು. ಖರೇ ಹೇಳಬೇಕಂದ್ರ ಮೊದಲಿನ ಫೋಟೋದಾಗೂ ಇರಲಿಲ್ಲ. ಆದ್ರ ಕಫದಾಗ ಟಿ.ಬಿ. ಬಂದಿತ್ತು, ಅದಕ್ಕ ಗುಳಿಗಿ ಚಾಲೂ ಮಾಡಿದೆವು."

"ಎರಡೂ ಇರಬಹುದಲ್ರೀ ಮೇಡಂ?"

"ಇರಬಹುದು. ಆ ಕಫ ಅವಂದೇ ಆಗಿದ್ರ." ಅವರು ನನ್ನ ಕಡೆ ತಿರುಗಿದರು. "ಅವಂದಲ್ಲ ಅಂದ್ರ, ಯಾರಿಗೋ ಟಿ.ಬಿ. ಅದ. ಮೂರು ತಿಂಗಳಿಂದ ಅವರಿಗೆ ಒಂದು ಗುಳಿಗಿ ಸೈತ ಸಿಕ್ಕಿಲ್ಲ. ಆ ಡಬ್ಬಿ ನಿಮ್ಮ ಕಣ್ಣೆದುರು ತುಂಬಿದ್ದೇನ್ರಿ?"

ಕಫವನ್ನು ನಮ್ಮ ಕಣ್ಣೆದುರೇ ತೆಗೆಸಬೇಕು, ಡಬ್ಬಿಯನ್ನು ಅವರ ಕೈಗೆ ಕೊಟ್ಟು ಬರಬಾರದು ಎಂದು ನಿಯಮವಿತ್ತು. ಕಾಗದದ ಮೇಲೆ "ಕಣ್ಣೆದುರು" ಎಂದು ನಾನೇ ಸಹಿ ಹಾಕಿದ್ದೆ.

"ಹೌದ್ರಿ," ಎಂದೆ.

ಸುಳ್ಳು. ಮೊದಲ ದಿನ ಹೋದಾಗ ಜೈಪಾಲ ಅರ್ಧ ತಾಸು ಕೆಮ್ಮಿದರೂ ಡಬ್ಬಿಗೆ ಬರೀ ಎಂಜಲು ಬಿದ್ದಿತ್ತು. ನನಗೆ ಯಾಲಾಲ್ ಬಸ್ಸು ತಪ್ಪುವುದರಲ್ಲಿತ್ತು. ಹೊಸ ಡಬ್ಬಿಯನ್ನು ಎಲ್ಲಮ್ಮನ ಕೈಗಿಟ್ಟು, "ನಾಳೆ ನಸುಕಿನ್ಯಾಗ ತುಂಬಿ ಇಡಬೇಕು. ಮತ್ತ ಖಾಲಿ ಡಬ್ಬಿ ಕೊಟ್ರ ನಿಮ್ಮ ಮನಿ ಹೊಸ್ತಿಲ ತುಳಿಯಲ್ಲ," ಎಂದು ಅವರ ಓಣಿಗೆಲ್ಲ ಕೇಳುವಂತೆ ಗದರಿಸಿ ಬಂದಿದ್ದೆ. ಮರುದಿನ ಡಬ್ಬಿ ಕಟ್ಟೆಯ ಮೇಲೆ ಸಿದ್ಧವಾಗಿತ್ತು. ಕಾಲು ಭಾಗ ಹಳದಿ ಕಫ. ಜೈಪಾಲ ಮಶೀನಿಗೆ ಹೋಗಿಬಿಟ್ಟಿದ್ದ. ಭೇಷ್ ಎಂದುಕೊಂಡು ಹೆಸರು ಬರೆದು ತಂದಿದ್ದೆ.

ಆಮೇಲೆ ಮನೆಮಂದಿಯ ತಪಾಸಣೆ ಇತ್ತು. ನಾನು ಅವರ ಅಂಗಳದಲ್ಲೇ ನಿಂತು, "ಎಲ್ಲವ್ವಾ, ಕೆಮ್ಮು ಅದ ಏನು?" ಎಂದು ಕೇಳಿದೆ. ಒಳಗಿನಿಂದ "ಇಲ್ರಿ" ಎಂದಳು. "ಇಲ್ಲ" ಎಂದು ಬರೆದೆ. ಹೊಸ್ತಿಲು ತುಳಿಯುವುದಿಲ್ಲ ಎಂದು ಗದರಿಸಿದ್ದೆನಲ್ಲ, ಅದನ್ನು ನಾನು ಅದಕ್ಕಿಂತ ಮುಂಚೆಯೂ ತುಳಿದಿರಲಿಲ್ಲ. ನಮ್ಮ ಓಣಿಯವರು ಆ ಓಣಿಯ ಮನೆಗಳಲ್ಲಿ ಕಾಲಿಡುವುದಿಲ್ಲ.

ಹೊರಗೆ ಬಂದೆ. ಜೈಪಾಲ ಕೈಪಂಪಿನ ಹತ್ತಿರ ಹೋಗಿದ್ದ. ಎಲ್ಲಮ್ಮ ಒಬ್ಬಳೇ ಮೆಟ್ಟಿಲ ಮೇಲಿದ್ದಳು. ಹತ್ತಿರ ಹೋಗಿ ನೋಡಿದೆ. ಆರು ತಿಂಗಳ ಹಿಂದೆ ದುಂಡಗಿದ್ದ ತೋಳು ಬಳೆಗಳೆಲ್ಲ ಮೊಣಕೈತನಕ ಸರಿದಾಡುವಷ್ಟು ಬತ್ತಿತ್ತು.

"ಎಲ್ಲವ್ವಾ, ಸೆರಗು ತೆಗಿ. ಕೆಮ್ಮು."

"ಯಾಕ್ರಿ ಅವ್ವಾರ?"

"ಕೆಮ್ಮು ಅಂದ್ರ ಕೆಮ್ಮು."

"ನನಗೇನಾಗ್ಯಾದ? ಮಗನ್ನ ನೋಡ್ರಿ."

"ಆ ಡಬ್ಬಿ ಯಾರು ತುಂಬಿದ್ರು?"

ಅವಳು ಎದ್ದು ಹೋಗಲು ನೋಡಿದಳು. ಎದ್ದ ರಭಸಕ್ಕೆ ಕೆಮ್ಮು ಬಂದು ಅಲ್ಲೇ ಕುಸಿದು ಕುಳಿತಳು. ಅದು ಮಗನ ಒಣಕೆಮ್ಮಿನಂಥದಲ್ಲ. ಒದ್ದೆ ಕೆಮ್ಮು, ತಳದಿಂದ ಎದ್ದು ಬರುವಂಥದು. ಸೆರಗಿನ ತುದಿಯಲ್ಲಿ ಕಫ, ಅದರಲ್ಲಿ ಎಳೆಯಷ್ಟು ರಕ್ತ. ಮಡಚಿ ಮುಚ್ಚಿಕೊಂಡಳು.

"ನೀವೇ ಅಂದ್ರಲ್ರಿ, ಖಾಲಿ ಕೊಡಬ್ಯಾಡ ಅಂತ," ಎಂದಳು. "ಅವ ನಸುಕಿನ್ಯಾಗ ಎದ್ದು ಬಾಳ ಕೆಮ್ಮಿದ. ಬರ್ಲೇ ಇಲ್ಲ. ಕೆಲಸಕ್ಕ ಹೊತ್ತಾತು ಅಂತ ಹೋದ. ನಿಮ್ಮ ಓಣಿಯಿಂದ ನಮ್ಮ ಮನಿಗಿ ಒಂದು ಡಬ್ಬಿ ಬಂದಿದ್ದು ಅದೇ ಮೊದಲ್ರಿ. ಹ್ಯಾಂಗ ಖಾಲಿ ವಾಪಸ್ ಕೊಡ್ಲಿ?"

ನಮ್ಮ ಕಡೆ ನೆರೆಮನೆಯಿಂದ ಮೊಸರಿನದೋ ಸಾರಿನದೋ ಪಾತ್ರೆ ಬಂದರೆ ಅದನ್ನು ಬರಿದು ಮಾಡಿ ಕಳಿಸುವುದಿಲ್ಲ. ಒಂದು ಹಿಡಿ ಜೋಳ, ಚಿಟಿಕೆ ಸಕ್ಕರೆ, ಏನಾದರೂ ಹಾಕಿಯೇ ಕೊಡುತ್ತಾರೆ. ನನಗೆ ಸಿಟ್ಟು ಬರಬೇಕಾಗಿತ್ತು. ಆ ಕ್ಷಣ ಬರಲಿಲ್ಲ.

"ಏಳು, ಒಳಗ ನಡಿ. ಡಾಕ್ಟರಿಗಿ ಹೇಳೋಣು. ನಿನಗ ಇವತ್ತೇ ಗುಳಿಗಿ ಚಾಲೂ ಆಗ್ಬೇಕು."

"ಬ್ಯಾಡ್ರಿ." ಅವಳು ನನ್ನ ಕೈ ಹಿಡಿಯಲು ಕೈ ಚಾಚಿ ಮತ್ತೆ ಹಿಂದಕ್ಕೆ ಎಳೆದುಕೊಂಡಳು. "ಇನ್ನ ಮೂರು ತಿಂಗಳು ಸುಮ್ನಿರ್ರಿ. ಅವಂದು ಆರು ತಿಂಗಳು ತುಂಬ್ಲಿ. ಆಮ್ಯಾಲ ನಾನೇ ಬಂದು ಹೇಳ್ತೀನಿ."

"ಅಷ್ಟರಾಗ ನೀ ಸತ್ತಿರ್ತಿ."

"ಸತ್ರ ಸಾಯ್ತೀನಿ ಬಿಡ್ರಿ. ಅವಂಗ ಟಿ.ಬಿ. ಅದ ಅಂದ್ರ ಆರು ತಿಂಗಳಿಗಿ ಹೋಗ್ತದಂತ ನೀವೇ ಹೇಳಿದ್ರಿ. ಅವ ದಿನಾ ಗೋಡಿಗಿ ಗೀಟು ಎಳೀತಾನ, ಇಷ್ಟು ದಿನ ಆತು, ಇಷ್ಟು ಉಳೀತು ಅಂತ. ಆ ಕಫ ಅವಂದಲ್ಲ ಅಂದ್ರ ಏನು ಉಳೀತದ ಹೇಳ್ರಿ? ನಮ್ಮಣ್ಣ ಬಕ್ಕಪ್ಪ ಕಲ್ಲಿನ ಧೂಳಿಲೇ ಹೋದ. ಒಂದೂವರೆ ವರ್ಷ ಮಲಗಲಾಕ ಆಗ್ಲಿಲ್ಲ. ಗೋಡಿಗಿ ಒರಗಿ ಕೂತಲ್ಲೇ ಹೋದ. ಎಲ್ಲ ಡಾಕ್ಟರೂ ಗುಳಿಗಿ ಇಲ್ಲಂದ್ರು."

ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಮೂರು ತಿಂಗಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅವಳ ಮಾತು ಕೇಳಿ ಸುಮ್ಮನಿದ್ದರೆ ನನ್ನ ಸಹಿಯೂ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಆ ಯೋಚನೆ ಬಂದದ್ದು ಖರೇ. ಬಂದದ್ದಕ್ಕೇ ಸಿಟ್ಟು ನೆತ್ತಿಗೇರಿತು. ಅದನ್ನು ಅವಳ ಮೇಲೆ ಸುರಿದೆ.

"ಮತಿ ಅದ ಏನು ನಿನಗ? ನಿನ್ನ ಕಫ ಕೊಟ್ಟು ಮಗಗ ಬ್ಯಾಡಾದ ಗುಳಿಗಿ ತಿನ್ಸಿದಿ. ಅವಂಗ ಟಿ.ಬಿ. ಇಲ್ಲ. ಟಿ.ಬಿ. ಇರೋದು ನಿನಗ. ತಿಳೀತೇನು? ನಿನಗ!"

ಕೈಪಂಪಿನ ಸಪ್ಪಳ ನಿಂತಿತು. ತಿರುಗಿದರೆ ಜೈಪಾಲ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಮುಖದಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಅವ್ವಾ, ಏನಂತಾರ ಇವರು?"

ಎಲ್ಲಮ್ಮ ನೆಲ ನೋಡಿದಳು.

"ಡಬ್ಬ್ಯಾಗ ನೀ ಉಗುಳಿದ್ದೇನು?"

"ಹೂಂನಪ್ಪಾ."

ಅವನು ನನ್ನನ್ನು ದಾಟಿಕೊಂಡು ನೇರ ಡಾಕ್ಟರ ಕೋಣೆಗೆ ಹೋದ. ನಾನೂ ಹಿಂದೆ ಹೋದೆ. ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. "ಮೇಡಂ, ಆಗ ನಾ ಸುಳ್ಳು ಹೇಳಿದೆ. ಡಬ್ಬಿ ಕೈಗಿ ಕೊಟ್ಟು ಬಂದಿದ್ದೆ. ಕಫ ಇವರವ್ವಂದು."

ಡಾಕ್ಟರ್ ನನ್ನನ್ನು ಒಂದು ಕ್ಷಣ ನೋಡಿ, "ನಿಮ್ಮ ಸಂಗಡ ಆಮ್ಯಾಲ ಮಾತಾಡ್ತೀನಿ. ಮೊದಲು ಅವರವ್ವನ್ನ ಕರೀರಿ," ಎಂದರು.

"ಮೊದಲು ನಂದು ಹೇಳ್ರಿ," ಎಂದ ಜೈಪಾಲ. "ಟಿ.ಬಿ. ಇಲ್ಲಂದ್ರ ಮತ್ತೇನದ?"

ಅವರು ಅವನನ್ನು ಕುರ್ಚಿಯ ಮೇಲೆ ಕೂಡಿಸಲು ನೋಡಿದರು. ಅವನು ಕೂಡಲಿಲ್ಲ. ಎಕ್ಸ್‌ರೇ ತೋರಿಸಿ ಹೇಳಿದರು. ಧೂಳು ಒಳಗೆ ಹೋಗಿ ಕೂತಿದೆ, ಸುತ್ತಲಿನ ಮಾಂಸ ಗಟ್ಟಿಯಾಗಿದೆ. ಟಿ.ಬಿ. ಗುಳಿಗೆ ಇವತ್ತೇ ನಿಲ್ಲಿಸಬೇಕಾಗಬಹುದು, ಅದಕ್ಕೂ ಮುಂಚೆ ಇನ್ನೊಂದು ಸಲ ಪರೀಕ್ಷೆ ಮಾಡಬೇಕು.

"ಇದಕ್ಕ ಎಷ್ಟು ತಿಂಗಳ ಗುಳಿಗಿ?"

ಡಾಕ್ಟರ್ ಬೆಳಕಿನ ಪೆಟ್ಟಿಗೆ ಆರಿಸಿದರು. "ಹಾಳಾದ ಪುಪ್ಪುಸ ತಿರುಗಿ ತರೋ ಗುಳಿಗಿ ಇಲ್ಲಪ್ಪಾ. ದಮ್ಮು ಕಡಿಮಿ ಮಾಡಾಕ ಔಷಧ ಅದ, ಕೊಡ್ತೀನಿ. ಇವತ್ತೇ ಆ ಮಶೀನು ಬಿಟ್ರ ಇದ್ದದ್ದು ಉಳೀಬಹುದು."

"ಈ ಮೂರು ತಿಂಗಳು ನಾ ಆ ಮಶೀನಿನ ಮ್ಯಾಲೇ ನಿಂತೀನಿ," ಎಂದ ಜೈಪಾಲ. ದನಿ ಏರಿರಲಿಲ್ಲ. "ಟಿ.ಬಿ. ಅಲ್ಲಾ, ಗುಳಿಗಿ ತಿಂದ್ರ ಹೋಗ್ತದ, ಕೆಲಸ ಯಾಕ ಬಿಡ್ಲಿ ಅಂತ ಅಂದ್ಕೊಂಡೆ. ಯಾರೂ ಬಿಡು ಅನ್ಲಿಲ್ಲ. ಅಕ್ಕೋರು ವಾರಾ ವಾರಾ ಬಂದು ಪಟ್ಟಿ ಎಣಿಸಿ ಹೋದ್ರು."

 

ಎಲ್ಲಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಅವನು ಅವಳ ಕಡೆ ತಿರುಗಿದ. "ನಂದೂ ಬಕ್ಕಪ್ಪ ಮಾವನ ರೋಗನೇ ಅಂತ ನಿನಗ ಗೊತ್ತಿತ್ತು. ಅಲ್ಲಾ?"

"ನೀ ನಗ್ಲಾಕತ್ತಿದ್ದಿ ಮಗಾ, ಗೀಟು ಎಳೆದಾಗೆಲ್ಲ," ಎಂದಳು ಅವಳು.

 ಅವನು ಅವಳ ತೋಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಂಡು ಹೊರಗೆ ನಡೆದ. ಡಾಕ್ಟರ್ ಎರಡು ಸಲ ಕರೆದರು. ನಾನು ಗೇಟಿನತನಕ ಓಡಿದೆ. "ಜೈಪಾಲ, ನಿಂದ್ರು. ನನ್ನ ಬೈಯೋದಿದ್ರ ಬೈ, ಔಷಧ ತಗೊಂಡು ಹೋಗು," ಎಂದೆ. ಅವನು ಹಿಂದೆ ನೋಡಲಿಲ್ಲ. ಬೇಗ ನಡೆಯಲು ಅವನಿಗೆ ಆಗುತ್ತಿರಲಿಲ್ಲ. ಹತ್ತು ಹೆಜ್ಜೆಗೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಹಿಡಿಯಬಹುದಾಗಿತ್ತು. ಹಿಡಿದು ಏನು ಹೇಳುವುದೆಂದು ತಿಳಿಯದೆ ಗೇಟಿನಲ್ಲೇ ನಿಂತೆ. ಕಲ್ಲಿನ ಲಾರಿಯೊಂದು ನಡುವೆ ಬಂತು. ಅದು ಹೋದ ಮೇಲೆ ರಸ್ತೆಯಲ್ಲಿ ಅವನು ಕಾಣಲಿಲ್ಲ; ಅದನ್ನೇ ಹತ್ತಿದನೋ, ಪಕ್ಕದ ಓಣಿಗೆ ಹೊಕ್ಕನೋ ತಿಳಿಯಲಿಲ್ಲ.

ಎಲ್ಲಮ್ಮನ ಕಫವನ್ನು ಕೋಣೆಯ ಹಿಂದಿನ ಬಿಸಿಲಿನಲ್ಲಿ, ಎದುರಿಗೆ ನಿಂತು ತೆಗೆಸಿದೆ. ಎರಡು ತಾಸಿಗೆ ಕಫ ಪರೀಕ್ಷಿಸುವ ಮಶೀನಿನ ಉತ್ತರ ಬಂತು. ಟಿ.ಬಿ. ಇತ್ತು. ಡಾಕ್ಟರ್ ತೂಕ ನೋಡಿ ಗುಳಿಗೆ ಬರೆದರು. ನಾನು ಗ್ಲಾಸು ತುಂಬಿ ಅವಳ ಮುಂದೆ ಹಿಡಿದೆ.

"ಅವ ಬರ್ಲಿ ತಡೀರಿ," ಎಂದಳು.

"ಅವ ಬರೋದಕ್ಕೂ ಇದಕ್ಕೂ ಏನು? ನುಂಗು."

"ಇಲ್ಲೇ ಎಲ್ಲ್ಯಾರ ಚಾ ಕುಡಿಲಾಕ ಹೋಗ್ಯಾನ. ಬರ್ತಾನ."

"ಎಲ್ಲವ್ವಾ, ನೀ ಇವತ್ತು ನುಂಗ್ಲಿಲ್ಲ ಅಂದ್ರ ಅವಂಗ ಖರೇ ಹೇಳಿದ್ದು ಸೈತ ಹಾಳಾತು," ಎಂದೆ. ಎಷ್ಟು ಮೆತ್ತಗೆ ಹೇಳಲು ಬರುತ್ತದೋ ಅಷ್ಟು ಮೆತ್ತಗೆ.

ಅವಳು ಗ್ಲಾಸು ತೆಗೆದುಕೊಂಡಳು. ಕಣ್ಣನ್ನು ಗೇಟಿನ ಮೇಲಿಟ್ಟು ಒಂದೊಂದಾಗಿ ನುಂಗಿದಳು. ಸಾಲಿನವರೆಲ್ಲ ತೋರಿಸಿಕೊಂಡು ಹೋದರು. ಡಾಕ್ಟರರ ಗಾಡಿ ಹೊರಟಿತು. ಕೋಣೆ ಗುಡಿಸಿದ್ದಾಯಿತು. ಬಶೀರಾಬಾದ್ ಕಡೆಗೆ ಹೋಗುವ ಎರಡು ಬಸ್ಸುಗಳನ್ನು ಬಿಟ್ಟೆವು. ಆರು ಗಂಟೆಗೆ ನಾನು ಬೀಗ ಹಾಕಿ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕುಳಿತೆ.

ಜೈಪಾಲ ಬರಲಿಲ್ಲ. ಅಂದು ಮನೆಗೂ ಹೋಗಲಿಲ್ಲ. ಮರುದಿನವೂ ಇಲ್ಲ, ಆಮೇಲೆ ಯಾವ ದಿನವೂ ಇಲ್ಲ.