ಎರೆಮಣ್ಣಿಗೆ ಎರಡು ಬೆರಳು

ಅಣ್ಣಿಗೇರಿಯಲ್ಲಿ ಸೈಕಲ್ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಗಿತ್ತು. ನಿಜಾಮಸಾಬನಾದ ನನಗೇ ಟೈರಿನ ಪಾಠ ಹೇಳಲು ಬಂದವಳೆಂದರೆ ನರ್ಸ್ ಸುಶೀಲವ್ವ. ಎಂಬತ್ನಾಲ್ಕರ ಮಳೆಗಾಲದಲ್ಲಿ ಕಲಘಟಗಿ ಕಡೆಯ ದೇವಿಕೊಪ್ಪದಿಂದ ಬದಲಿಯಾಗಿ ಬಂದಿದ್ದಳು. ಹಟ ಅಂದರೆ ಹಟ. ಶಲವಡಿ ಹಳ್ಳಿಯ ರೇವವ್ವನಿಗೆ ದಿನ ತುಂಬಿದ್ದವು. ಹಿಂದಿನ ಎರಡೂ ಕೂಸುಗಳು ಹೆರಿಗೆಯಲ್ಲೇ ಹೋಗಿದ್ದವು. ಮಳೆ ಹಿಡಿದರೆ ಆ ದಾರಿಗೆ ಬಸ್ಸು ಬಂದ್, ಅದಕ್ಕೇ ಸೈಕಲ್ಲಿಗೆ ದಪ್ಪ ಟೈರು ಹಾಕಿಕೊಡಿ ಅಂದಳು.

ನಮ್ಮ ಕಡೆ ಮಳೆಗಾಲ ಬಂತೆಂದರೆ ಮಡ್‌ಗಾರ್ಡ್ ಬಿಚ್ಚಿಡುತ್ತೇವೆ. ಟೈರಿಗೂ ಗಾಲಿಯನ್ನು ಹಿಡಿದಿರುವ ಫೋರ್ಕಿಗೂ ನಡುವೆ ಎರಡು ಬೆರಳು ಆಡಬೇಕು, ಇಲ್ಲದಿದ್ದರೆ ನಮ್ಮ ಅಂಟಿನ ಕಪ್ಪು ಎರೆಮಣ್ಣು ಮೆತ್ತಿ ಗಾಲಿ ಹಿಡಿಯುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಕೇಳಬೇಕಲ್ಲ! ದೇವಿಕೊಪ್ಪದ ಕೆಂಪು ಮಣ್ಣಿನಲ್ಲಿ ದಪ್ಪ ಟೈರೇ ಓಡುವುದು, ಸಣ್ಣದು ಹೂತುಹೋಗುತ್ತದೆ ಎಂದು ವಾದಕ್ಕೆ ನಿಂತಳು. ನನಗೂ ತಲೆ ಕೆಟ್ಟಿತು. ಅನುಭವಿಸಲಿ ಅಂತ ಕೇಳಿದ್ದನ್ನೇ ಹಾಕಿಕೊಟ್ಟೆ. ಸಂದಿನಲ್ಲಿ ಒಂದು ಬೆರಳೂ ಹೋಗುತ್ತಿರಲಿಲ್ಲ, ಮಡ್‌ಗಾರ್ಡನ್ನೂ ಬಿಚ್ಚಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ರೇವವ್ವನ ಗಂಡ ಕುಬೇರಪ್ಪ ಬೇನೆ ಶುರುವಾದ ಸುದ್ದಿ ಹೊತ್ತು ಕೆಸರಲ್ಲಿ ನಡೆದು ಬಂದ. ಸುಶೀಲವ್ವ ತಕ್ಷಣ ಹೊರಟಳು. ಒಂದು ತಾಸಾಗಿರಲಿಲ್ಲ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ವಾಪಸ್ಸು ಬಂದಳು. ಗಾಲಿ ಎರಡೂ ಜಾಮ್.

"ಕಾಕಾ, ನಾ ತಪ್ಪ ಮಾಡಿದ್ನಿರಿ. ನೀವು ಹೇಳಿದಂಗ ಮಾಡಿಕೊಡ್ರಿ, ಲಗೂನ," ಅಂದಳು. ಕಣ್ಣಲ್ಲಿ ನೀರಿತ್ತು.

"ನಂದೂ ತಪ್ಪೈತ್ರಿ ಅಕ್ಕಾರ. ಗೊತ್ತಿದ್ದೂ ಸಿಟ್ಟಿಗೆ ಕಳಿಸಿದೆ."

ಮಡ್‌ಗಾರ್ಡ್ ಕಿತ್ತೆಸೆದೆ. ರಿಪೇರಿಗೆಂದು ಬಂದಿದ್ದ ರೇಸ್ ಸೈಕಲ್ಲಿನ ಸಣ್ಣ ಟೈರಿನ ಗಾಲಿಗಳನ್ನೇ ಬಿಚ್ಚಿ ಇದಕ್ಕೆ ಕೂಡಿಸಿದೆ. ಅದರ ಮಾಲೀಕ ಬೈದರೆ ಬೈಯಲಿ. ಎರಡು ಬೆರಳು ಆಡಿಸಿ ನೋಡಿ, ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ, ಕಾಲು ಊರಿಯೇ ನಿಲ್ಲಿಸಬೇಕು ಎಂದು ಹೇಳಿ ಕಳಿಸಿದೆ.

ಆ ದಿನ ಒಂದು ಪಂಕ್ಚರನ್ನೂ ಸರಿಯಾಗಿ ಹಾಕಲಿಲ್ಲ. ಊಟ ಸೇರಲಿಲ್ಲ. ಮೂರನೇ ಕೂಸಿಗೂ ಏನಾದರೂ ಆದರೆ ಅದು ನನ್ನ ಸಿಟ್ಟಿನಿಂದಲೇ ಅಂತ ಒಳಗೇ ಕುದಿಯುತ್ತಿದ್ದೆ.

ಇಳಿಹೊತ್ತಿಗೆ ಅವಳು ಬಂದು ಅಂಗಡಿ ಮುಂದೆ ಇಳಿದಳು. ಸೊಂಟದವರೆಗೆ ಕೆಸರು.

"ಹೆಣ್ಣ ಕೂಸರಿ, ಕಾಕಾ. ಹೊಕ್ಕಳಬಳ್ಳಿ ಕೊರಳಿಗೆ ಸುತ್ತಿತ್ತು. ಬಿಡಿಸಿದೆ. ತಾಯಿ, ಮಗಳು ಇಬ್ರೂ ಆರಾಮ ಅದಾರ."

ಐವತ್ತು ದಾಟಿದ ಗಂಡಸು ನಾನು, ಪೇಟೆಯ ಮಂದಿಯೆಲ್ಲ ನೋಡುತ್ತಿದ್ದರೂ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.