ಶೂ ನೋಡಿ ಬೆಲೆ

ನಮ್ಮ ಸೋದರಮಾವ ಟೈಲರ್. ಗಿರಾಕಿಯ ಅಳತೆ ತೆಗೆಯುವ ಮೊದಲೇ ಅವರ ಕಣ್ಣು ಕಾಲಿನತ್ತ ಹೋಗುತ್ತದೆ. ಪ್ಯಾಂಟ್ ಹೊಲಿಯಲು ಮಿರಮಿರ ಮಿಂಚುವ ಶೂಗೊಂದು ಬೆಲೆ, ಸವೆದ ಚಪ್ಪಲಿಗೊಂದು ಬೆಲೆ.

ಅಂಥ ಮಹಾನುಭಾವರು ಮೊನ್ನೆ ಕಾರಿನ ಶೋರೂಮಿನಲ್ಲಿ ಮೇಜು ಗುದ್ದಿದರು. "ಇದೇ ಕಾರು, ಇದೇ ಬಣ್ಣ, ಪಕ್ಕದ ದೇಶದಲ್ಲಿ ಮುಕ್ಕಾಲು ಬೆಲೆಗೆ ಸಿಗುತ್ತಂತೆ! ನಮ್ಮ ತಲೆ ಮಾತ್ರ ನುಣ್ಣಗೆ ಬೋಳಿಸ್ತೀರಲ್ಲ!"

ಮಾರಾಟದ ಹುಡುಗಿ ನಕ್ಕಳು. "ಸ್ವಲ್ಪ ತೆರಿಗೆ ಸಾರ್. ಮಿಕ್ಕಿದ್ದು, ಯಾವ ದೇಶದವರು ಎಷ್ಟು ಕೊಡ್ತಾರೆ ಅಂತ ನೋಡ್ಕೊಂಡು ಕಂಪನಿಯವರು ಇಡೋ ಬೆಲೆ."

ಜೊತೆಗೆ ಬಂದಿದ್ದ ಅತ್ತೆ ಸುಮ್ಮನಿರಬೇಕಲ್ಲ! "ನಮ್ಮನೆಯವರೂ ಶೂ ನೋಡಿಯೇ ರೇಟು ಹೇಳೋದು ಕಣಮ್ಮ. ಇವತ್ತು ಅವರೇ ಹೊಸ ಶೂ ಹಾಕ್ಕೊಂಡು ಬಂದಿದ್ದಾರೆ, ನೋಡು!"

ಮಾವನ ತಲೆಯಲ್ಲಿ ಉಪಾಯ ಹೊಳೆಯಿತು. ಮರುದಿನ ಪಿನ್ನು ಚುಚ್ಚಿದ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಅದೇ ಶೋರೂಮಿಗೆ ಹೋಗಿ, ಅದು ಚೆನ್ನಾಗಿ ಕಾಣುವಂತೆ ಕಾಲ ಮೇಲೆ ಕಾಲು ಹಾಕಿ ಕೂತರು.

"ಈಗ ಹೇಳಮ್ಮ ರೇಟು."

ಹುಡುಗಿ ಬಗ್ಗಿ ಚಪ್ಪಲಿಯನ್ನು ಗೌರವದಿಂದ ನೋಡಿದಳು.

"ನಿನ್ನೆಯ ರೇಟೇ ಸಾರ್. ಕಂಪನಿಯವರು ನಿಮ್ಮೊಬ್ಬರ ಕಾಲು ನೋಡಲ್ಲ. ಹೋಗಿ, ಇಡೀ ದೇಶಕ್ಕೆ ಇಂಥದ್ದೇ ಚಪ್ಪಲಿ ಹಾಕಿಸಿ ಕರ್ಕೊಂಡು ಬನ್ನಿ."