ಯಲ್ಲಕ್ಕ ಮುಚ್ಚಿದ ಗವಾಕ್ಷಿ

ಹೊಸದುರ್ಗದ ಸೀಮೆಯಲ್ಲಿ ಜುಂಜಣ್ಣನಂತೆ ಕಂಬಳಿ ನೇಯುವವನು ಇನ್ನೊಬ್ಬನಿರಲಿಲ್ಲ. ಬಿಸಿಲಗಾಳಿಗೆ ಉಣ್ಣೆಯ ಎಳೆ ಪಟಪಟ ಹರಿಯುತ್ತದೆಂದು ಅವರಪ್ಪ ಮನೆಯಡಿ ನೆಲಮಾಳಿಗೆ ತೋಡಿಸಿ, ಮಣ್ಣಿನ ನೆಲದಲ್ಲೇ ಗುಂಡಿ ಮಗ್ಗ ಹೂಡಿದ್ದ. ಜುಂಜಣ್ಣನ ಆಯುಸ್ಸೆಲ್ಲ ಅಲ್ಲೇ ಸವೆದಿತ್ತು.

ಅವನಿಗೆ ಹಾಳಾದ ಕೆಮ್ಮು ಹತ್ತಿದಾಗ ಹೆಂಡತಿ ಯಲ್ಲಕ್ಕ ಸುಮ್ಮನಿರುವವಳೇ? ಕೆಮ್ಮಿನವರಿಗೆ ಗಾಳಿ ಸೋಕಬಾರದು ಎಂಬುದು ಊರಿಗೆಲ್ಲ ಗೊತ್ತು. ನೆಲಮಾಳಿಗೆಯ ಎರಡು ಗವಾಕ್ಷಿಗೂ ಸಗಣಿ, ಮಣ್ಣು ಕಲಸಿ ತಾನೇ ಮೆತ್ತಿದಳು. "ಇನ್ನು ಬೆಚ್ಚಗಿರ್ತೀಯ ಬಿಡು" ಎಂದಳು. ಅವನೂ ಬೆಚ್ಚಗೇ ನೇಯ್ದ. ಕೆಮ್ಮು ಮಾತ್ರ ಜಗ್ಗಲಿಲ್ಲ. ವರ್ಷಗಳು ಕಳೆದು, ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಕಫದ ಜೊತೆ ರಕ್ತ ಬಿತ್ತು. ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು.

ರಾಗಿ ಹಿಟ್ಟು ಒಯ್ಯಲು ಯಲ್ಲಕ್ಕ ಊರಿಗೆ ಬಂದ ದಿನ, ಗುಡ್ಡದಲ್ಲಿ ಅದಿರು ಹುಡುಕುತ್ತಿದ್ದ ನಾಗರಾಜಪ್ಪನವರು ಕಂಬಳಿ ಕೊಳ್ಳಲು ಬಂದರು. ಹೆಗಲಲ್ಲಿ, ವಿಕಿರಣ ಸೂಸುವ ಅದಿರು ಹತ್ತಿರವಿದ್ದರೆ ಸದ್ದು ಮಾಡುವ ಒಂದು ಪೆಟ್ಟಿಗೆ. ನೆಲಮಾಳಿಗೆಗೆ ಇಳಿದರೋ ಇಲ್ಲವೋ, ಪೆಟ್ಟಿಗೆ ಟಿಕಟಿಕ ಬಡಿದುಕೊಳ್ಳತೊಡಗಿತು. ಅವರ ಮುಖ ಸಪ್ಪಗಾಯಿತು.

"ಇಲ್ಲಿನ ಮಣ್ಣು, ಕಲ್ಲಿನಿಂದ ಒಂದು ವಿಷಗಾಳಿ ಬರ್ತೈತೆ ಕಣಮ್ಮ, ರೇಡಾನ್ ಅಂತ. ನೆಲದ ಬಿರುಕಿನಾಗೆ ನುಸುಳಿ ಒಳಗೆ ತುಂಬ್ಕಂತೈತೆ. ಎದೆಗೂಡು ತಿಂದ್ಹಾಕ್ತೈತೆ."

"ಅಯ್ಯೋ ಸ್ವಾಮಿ, ನೆಲದೊಳಗಿನ ರಾಗಿ ಹಗೇವಿಗೆ ಇಳಿಯೋವಾಗ ಕೆಟ್ಟ ಗಾಳಿ ಐತೇನೋ ಅಂತ ಮಾಡ್ದಂಗೆ ಇಲ್ಲೂ ದೀಪ ಬಿಟ್ಟು ನೋಡೀವಿ. ಆರಿಲ್ಲ!"

"ಇದು ದೀಪ ಆರಿಸಲ್ಲಮ್ಮ. ವಾಸನೇನೂ ಇಲ್ಲ. ಗಾಳಿಯಾಡಿದ್ರೆ ಹೊರಗೆ ಹೋಗ್ತಿತ್ತು. ಗವಾಕ್ಷಿ ಮುಚ್ಚಿದೋರು ಯಾರು?"

ಯಲ್ಲಕ್ಕ ತಾನು ಸಗಣಿ ಮೆತ್ತಿದ ಗೋಡೆಯತ್ತ ತಿರುಗಿದಳು. ಅವರು ಹೋದದ್ದೇ ತಡ, ಹಾರೆ ಹಿಡಿದು ಎರಡೂ ಗವಾಕ್ಷಿ ಒಡೆದಳು. ಅಳುತ್ತ, ತನ್ನ ಕೈಗೆ ತಾನೇ ಹಿಡಿಶಾಪ ಹಾಕುತ್ತ. ಇನ್ನು ಅವನನ್ನು ಕೆಳಗೆ ಇಳಿಸುವುದಿಲ್ಲ, ಬಯಲಲ್ಲೇ ಮಲಗಿಸಿ ಬದುಕಿಸಿಕೊಳ್ಳುತ್ತೇನೆ ಎಂದು ಬಸ್ಸು ಹತ್ತಿದಳು.

ಡಾಕ್ಟರು ಅವಳ ಮಾತು ಪೂರ್ತಿ ಕೇಳಿ, ಕಣ್ಣು ತಪ್ಪಿಸಿದರು. "ಎದೆಯೊಳಗೆ ಗಡ್ಡೆ ಬೆಳೆದುಬಿಟ್ಟೈತೆ. ಆ ಗಾಳಿಯಿಂದ್ಲೇ ಇರಬಹುದು. ಈಗ ಏನು ಮಾಡಿದ್ರೂ ಅಷ್ಟೇ. ಮನೆಗೆ ಕರ್ಕಂಡು ಹೋಗ್ರಿ."

ಜುಂಜಣ್ಣನನ್ನು ಜಗಲಿಯ ಮೇಲೆ ಮಲಗಿಸಿದಳು. ಅವನಿಗೆ ನಿಜ ಹೇಳಿಬಿಡಬೇಕೆಂದು ದಿನವೂ ಬಾಯಿ ತೆರೆದಳು, ದಿನವೂ ಮುಚ್ಚಿದಳು. ಯಾವ ಬಾಯಲ್ಲಿ ಹೇಳುವುದು? ಕೊನೆಗೆ ನೆಂಟರೆಲ್ಲ ನೋಡಲು ಬಂದಾಗ ಅವನೇ ಉಸಿರು ಎಳೆದೆಳೆದು ಮಾತಾಡಿದ.

"ನಮ್ ಯಲ್ಲಿ ಇಲ್ದಿದ್ರೆ ನಾನು ಯಾವತ್ತೋ ಹೋಗ್ಬಿಡ್ತಿದ್ದೆ ಕಣ್ರಪ್ಪ. ಒಂಚೂರು ಗಾಳಿ ಸೋಕದಂಗೆ ಕಾಪಾಡ್ಕಂಡು ಬಂದ್ಳು."

ಪುಣ್ಯ ಮಾಡಿದ್ದೆ ಬಿಡಪ್ಪ ಎಂದರು ಬಂದವರು, ಯಲ್ಲಕ್ಕನನ್ನೇ ನೋಡುತ್ತ.